ಮೂರು ಸಲ ತೆಗೆದ ಕ್ಷಮೆ

ದಾಂಡೇಲಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಒಂದೇ ಶಟರಿನ ಜಾಗ. ಎರಡು ಮಷಿನ್, ಬಟ್ಟೆ ಕತ್ತರಿಸಲು ಒಂದು ಟೇಬಲ್ಲು, ಬಂದವರು ಕೂರಲು ಗೋಡೆಗೆ ಹಾಕಿದ ಬೆಂಚು. ನಮ್ಮನೆಯವರು ಕಾಗದದ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾರೆ. ಇಬ್ಬರೂ ಧಾರವಾಡ ಕಡೆಯವರು, ಮದುವೆಯಾದ ಮೇಲೆ ಇಲ್ಲಿಗೆ ಬಂದು ಇಲ್ಲಿಯವರೇ ಆದೆವು.

ಬ್ಲೌಸಿನ ಅಳತೆ ಕೊಡಲು ಬಂದವರು ಅಳತೆ ಕೊಟ್ಟು ಎದ್ದು ಹೋಗುವುದಿಲ್ಲ. ನಿನ್ನೆಯ ಧಾರಾವಾಹಿ, ಹೊಸ ಸಿನಿಮಾ, ಯಾವ ಪಕ್ಷದವರು ಯಾವ ಪಕ್ಷಕ್ಕೆ ಹಾರಿದರು ಎಂಬುದು, ಎಲ್ಲ ಆ ಬೆಂಚಿನ ಮೇಲೆ ಆಗಬೇಕು. ನಾನು ಮಷಿನ್ ತುಳಿಯುತ್ತ ಮಾತಾಡುತ್ತಿದ್ದೆ, ಅವರು ನಗುತ್ತಿದ್ದರು. ಯಾರೋ ಒಬ್ಬರು, "ಅಕ್ಕಾರ, ಇದನ್ನ ಮೊಬೈಲ್‌ನ್ಯಾಗ ಹಾಕ್ರಿ, ಊರೆಲ್ಲಾ ನಗ್ತೈತಿ" ಅಂದರು. ಫೋನನ್ನು ದಾರದ ಡಬ್ಬಿಗೆ ಆನಿಸಿ ಇಟ್ಟು ಒಂದು ದಿನ ಹಾಕಿಯೂ ಬಿಟ್ಟೆ.

"ಈ ಧಾರಾವಾಹಿ ಸೊಸಿ ಮಲಗೂ ಮುಂದನೂ ಬೆನ್ನಿಗೆ ಎಂಟು ಗುಂಡಿ ಇರೂ ಬ್ಲೌಸ್ ಹಾಕ್ಕೊಂಡಾಳ ನೋಡ್ರಿ. ಅದನ್ನ ಬಿಚ್ಚಾಕ ಮತ್ತೊಬ್ಬರು ಬೇಕು. ಅದಕ್ಕರ ಅತ್ತಿ ಜೋಡಿ ಜಗಳಾ ಕಡಿಮಿ ಮಾಡವಾ."

ಇನ್ನೊಂದು ಸಿನಿಮಾದ ಬಗ್ಗೆ. "ಹೀರೋ ಹೊಳ್ಯಾಗ ಬಿದ್ದು ಎದ್ದ, ಅಂಗಿ ಇಸ್ತ್ರಿ ಮುರದಿಲ್ಲ. ಆ ಅಂಗಿ ಅರಬಿ ಎಲ್ಲಿ ಸಿಗ್ತೈತಿ ಹೇಳ್ರಿ, ನಮ್ಮ ಕಾಳಿ ಹೊಳ್ಯಾಗ ಬೋಟ್ ನಡಸೋರಿಗೆಲ್ಲಾ ಹೊಲದು ಕೊಡ್ತೇನಿ."

ಜನ ನೋಡತೊಡಗಿದರು. ಹಳಿಯಾಳದ ಸಂತೆಯಲ್ಲಿ ಯಾರೋ ನನ್ನ ದನಿ ಕೇಳಿ ಹೊರಳಿ ನೋಡಿ, "ನೀವು ಮಷಿನ್ ಅಕ್ಕ ಹೌದಲ್ರೀ?" ಅಂದರು. ಬಸ್ಸಿನಲ್ಲಿ ಮನೆಗೆ ಬರುವಷ್ಟೂ ಹೊತ್ತು ಆ ಮಾತೇ ಕಿವಿಯಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಹಿತವಾಗಿತ್ತು.

ಅದೇ ವರ್ಷ ಟಿವಿಯ ಒಂದು ಹಾಡಿನ ಸ್ಪರ್ಧೆಗೆ ನಮ್ಮ ಕಡೆಯವರೊಬ್ಬರು ಆಯ್ಕೆಯಾದರು. ಮುಂಡಗೋಡಿನವರು, ಸನವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಬೈಕ್ ರಿಪೇರಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಮುಸಲ್ಮಾನರು, ಐವತ್ತರ ಹತ್ತಿರದ ವಯಸ್ಸು. ಹಳೆಯ ಕನ್ನಡ ಹಾಡುಗಳನ್ನು ಹಾಡಿದರೆ ಒಂದಕ್ಷರ ಸೊಟ್ಟ ಬೀಳುತ್ತಿರಲಿಲ್ಲ. ಮೊದಲ ಮೂರು ವಾರ ನಮ್ಮ ಬೆಂಚಿನ ಮೇಲೆ ಅವರದೇ ಸುದ್ದಿ. ನಮ್ಮವರು, ನಮ್ಮ ಕಡೆಯವರು ಎಂದು ಎಲ್ಲರೂ ಹೇಳಿಕೊಂಡೆವು.

ನಾಲ್ಕನೇ ವಾರ ಅವರು ವೇದಿಕೆಯ ಮೇಲೆ ಸಾಹಿತ್ಯ ಮರೆತರು. ಎರಡನೇ ಚರಣ ಎತ್ತಿಕೊಂಡವರು "ಆ..." ಎಂದು ನಿಂತರು. ವಾದ್ಯದವರು ಮತ್ತೆ ಅದೇ ಜಾಗಕ್ಕೆ ಬಂದರು. ಇವರು ಮತ್ತೆ "ಆ..." ಎಂದರು. ಆಮೇಲೆ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು, ಸಾಹಿತ್ಯ ಅಲ್ಲೇ ಬರೆದಿಟ್ಟಿದೆಯೇನೋ ಅನ್ನುವ ಹಾಗೆ. ಕ್ಯಾಮೆರಾ ಆ ಕೈಗಳನ್ನು ಬಹಳ ಹೊತ್ತು ತೋರಿಸಿತು. ಅಲ್ಲಿಗೆ ಅವರ ಸ್ಪರ್ಧೆ ಮುಗಿಯಿತು.

ಮರುದಿನ ಅಂಗಡಿ ತೆಗೆದವಳೇ ನಾನು ಫೋನ್ ಆನಿಸಿ ಇಟ್ಟೆ. ಟಿವಿಯ ಆ ತುಣುಕನ್ನು ಹಾಕಿ, ಅವರಂತೆಯೇ "ಆ..." ಎಂದು ನಿಂತು ಅಂಗೈ ನೋಡಿಕೊಂಡೆ. "ಭಾಯಿ, ಅದು ಹಾಡು, ಗಾಡಿ ಅಲ್ಲ. ಕಿಕ್ ಹೊಡದ್ರ ಸುರು ಆಗೂದಿಲ್ಲ. ಪ್ಲಗ್ ಬಿಚ್ಚಿ ನೋಡ್ರಿ, ಕಚರಾ ಕುಂತಿರಬೇಕು" ಅಂದೆ. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೂ ವಿಡಿಯೋದಲ್ಲಿ ಸೇರಿತು.

ನನ್ನ ಯಾವ ವಿಡಿಯೋನೂ ಹಾಗೆ ಓಡಿರಲಿಲ್ಲ. ಊರೂರಿನವರು ಒಬ್ಬರಿಗೊಬ್ಬರು ಕಳಿಸಿಕೊಂಡರು. ಹುಡುಗರು ರಸ್ತೆಯಲ್ಲಿ "ಆ..." ಎಂದು ನಿಂತು ಅಂಗೈ ನೋಡಿಕೊಳ್ಳುವುದು ಒಂದು ಆಟವಾಯಿತು. ಸಂಜೆ ನಮ್ಮನೆಯವರು ಚಹಾ ಕುಡಿಯುತ್ತ ನನ್ನ ಫೋನ್ ತಿರುಗಿಸುತ್ತಿದ್ದರು.

"ಕೆಳಗ ಏನೇನ ಬರದಾರ, ಓದಿಯೇನ?" ಅಂದರು.

ಓದಿದ್ದೆ. ಆ ಹಾಡುಗಾರರ ಜಾತಿ ಹಿಡಿದು, ಧರ್ಮ ಹಿಡಿದು, ಕನ್ನಡದ ಹಾಡು ನಿಮಗ್ಯಾಕ ಬೇಕಿತ್ತು ಎಂದು ಬರೆದಿದ್ದರು. ಅದಕ್ಕಿಂತ ಕೆಟ್ಟದ್ದನ್ನೂ ಬರೆದಿದ್ದರು.

"ಮಂದಿ ಬರೀತಾರ. ನಾ ಅಂದೇನೇನು?" ಅಂದೆ.

"ನೀ ಅಂದಿಲ್ಲ. ಅಳಸಾಕ ಬರ್ತೈತಿ ಅಲಾ?"

"ಎಷ್ಟಂತ ಅಳಸ್ಲಿ" ಎಂದು ಒಳಗೆ ಹೋದೆ. ಅಳಿಸಲು ಬಾರದೇ ಇರಲಿಲ್ಲ. ಜನ ಬರೆದಷ್ಟೂ ವಿಡಿಯೋ ಮುಂದೆ ಮುಂದೆ ಹೋಗುತ್ತದೆ ಎಂಬುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಅದಕ್ಕೇ ಅಳಿಸಲಿಲ್ಲ. ನಮ್ಮನೆಯವರಿಗೂ ಇದು ಅರ್ಥವಾಗಿರಬೇಕು, ಅವರು ಮತ್ತೆ ಕೇಳಲಿಲ್ಲ.

ನನ್ನ ಹತ್ತಿರ ಹತ್ತು ವರ್ಷದಿಂದ ಚೂಡಿದಾರ ಹೊಲಿಸುವ ಗಿರಾಕಿ ಒಬ್ಬರಿದ್ದಾರೆ. ಅವರ ಗಂಡನದು ಇಲ್ಲಿ ಬಟ್ಟೆ ವ್ಯಾಪಾರ. ನಾನು ಅವರಿಗೆ ಭಾಭಿ ಅನ್ನುತ್ತೇನೆ. ನನ್ನ ಮಗಳ ಬಾಣಂತನಕ್ಕೆ ಮನೆಗೆ ಬಂದು ಮಸಾಲೆ ಅರೆದು ಕೊಟ್ಟು ಹೋದವರು. ಎರಡು ತಿಂಗಳು ಅವರು ಅಂಗಡಿ ಕಡೆ ಬರಲಿಲ್ಲ. ಒಂದು ಮಧ್ಯಾಹ್ನ ಬಂದವರು ಬೆಂಚಿನ ಮೇಲೆ ಕೂರಲಿಲ್ಲ.

"ನಂದು ಎರಡು ಪೀಸ್ ಇತ್ತಲ್ರೀ, ಅದನ್ನ ವಾಪಸ್ ಕೊಡ್ರಿ."

"ಇನ್ನೂ ಕತ್ತರಿ ಹಾಕಿಲ್ಲ ಭಾಭಿ. ನಾಳಿಗೆ ಹೊಲದು ಇಡ್ತೇನಿ."

"ಬ್ಯಾಡ್ರಿ. ಹಂಗ ಕೊಡ್ರಿ."

ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟು ನಿಂತರು. "ಮುಂಡಗೋಡದಾಗ ಗ್ಯಾರೇಜ್ ಇಟ್ಟವ್ರು ನಮ್ಮ ಅವ್ವನ ತಮ್ಮ. ನನ್ನ ಎತ್ತಿ ಆಡಿಸಿದ ಮಾಮಾ. ಈಗ ಹಾಡೂದ ಬಿಟ್ಟಾರ. ಮಗಳು ಕಾಲೇಜಿಗೆ ಹೋಗೂದು ಬಿಟ್ಟಿದ್ಲು, ಬಸ್ಸಿನ್ಯಾಗ ಹುಡುಗ್ರು ಆ... ಆ... ಅಂತಾರಂತ" ಎಂದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ಏನಾದರೂ ಸಿಗುತ್ತಿತ್ತು.

ಅವರು ಹೋದ ಮೇಲೆ ನನಗೆ ಮಷಿನ್ ತುಳಿಯಲಾಗಲಿಲ್ಲ. ಶಟರ್ ಅರ್ಧ ಇಳಿಸಿ ಕೂತೆ. ಕೂತವಳು ಏನು ಮಾಡಿದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಮತ್ತೆ ಫೋನನ್ನೇ ದಾರದ ಡಬ್ಬಿಗೆ ಆನಿಸಿ ಇಟ್ಟೆ. ಕ್ಷಮೆ ಕೇಳಿದೆ. ಮೊದಲ ಸಲ ಮಾತು ತಡವರಿಸಿತು, ಅಳಿಸಿದೆ. ಎರಡನೇ ಸಲ ಮುಖದ ಮೇಲೆ ಬೆಳಕು ಸರಿ ಬೀಳಲಿಲ್ಲ. ಶಟರ್ ಸ್ವಲ್ಪ ಮೇಲೆತ್ತಿ ಮೂರನೇ ಸಲ ತೆಗೆದಾಗ ಕಣ್ಣೀರೂ ಬಂತು, ಬೆಳಕೂ ಚೆನ್ನಾಗಿತ್ತು. ನೋಡುವವರಿಗೆ ವಿಷಯ ಗೊತ್ತಾಗಲಿ ಎಂದು ನನ್ನ ಹಳೆಯ ವಿಡಿಯೋದ ತುಣುಕನ್ನೂ ಮುಂದೆ ಜೋಡಿಸಿದೆ.

ಅದು ಮೊದಲಿನದಕ್ಕಿಂತ ಹೆಚ್ಚು ಓಡಿತು. ದೊಡ್ಡ ಮನಸ್ಸು, ತಪ್ಪು ಒಪ್ಪಿಕೊಳ್ಳಲು ಧೈರ್ಯ ಬೇಕು ಎಂದೆಲ್ಲ ಬರೆದರು. ಒಂದು ವಾರ ನಾನು ಅದನ್ನು ಓದಿಕೊಂಡು ಹಗುರಾಗಿ ಓಡಾಡಿದೆ. ಆಮೇಲೆ, ಎದುರಿಗೇ ಹೋಗಿ ಒಂದು ಮಾತು ಹೇಳಿ ಬಂದರೆ ಪೂರ್ತಿ ಮುಗಿದಂತಾಗುತ್ತದೆ ಅನ್ನಿಸಿತು. ಹಳಿಯಾಳದಲ್ಲಿ ಬಸ್ ಬದಲಿಸಿ, ಕಲಘಟಗಿ ಹಾದು ಮುಂಡಗೋಡಿಗೆ ಹೋದೆ. ಕೈಯಲ್ಲಿ ಪೇಢೆಯ ಪೊಟ್ಟಣವಿತ್ತು.

ಗ್ಯಾರೇಜಿನಲ್ಲಿ ಅವರೊಬ್ಬರೇ ಇದ್ದರು. ಒಂದು ಬೈಕಿನ ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಗುರುತು ಹಿಡಿದರು. ಅವಸರ ಮಾಡದೆ ಚೈನನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡು, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಸ್ಟೂಲಿನ ಮೇಲಿನ ಧೂಳು ಹೊಡೆದರು. ಎದುರಿನ ಹೋಟೆಲ್ಲಿಗೆ ಎರಡು ಬೆರಳು ತೋರಿಸಿ ಚಹಾ ಹೇಳಿದರು.

"ಭಾಯಿಯವರ, ನನ್ನಿಂದ ತಪ್ಪಾತು" ಅಂದೆ. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಉಳಿದ ಮಾತುಗಳು ಹೊರಗೆ ಬರಲಿಲ್ಲ. ಸುಮ್ಮನಿರಲಾಗದೆ, "ಅವತ್ತ ನಿಮಗ ಏನಾಗಿತ್ರಿ? ಆರಾಮ ಇದ್ದಿದ್ದಿಲ್ಲೇನು?" ಎಂದು ಕೇಳಿದೆ. ಜ್ವರ, ಮನೆಯಲ್ಲಿ ಏನೋ ಕಷ್ಟ ಎಂದು ಒಂದು ಕಾರಣ ಸಿಗಬಹುದು ಎಂದುಕೊಂಡಿದ್ದೆ.

"ಏನೂ ಆಗಿದ್ದಿಲ್ರಿ. ಮರತೆ. ಅಷ್ಟ. ಮಂದಿ ಮರೀತಾರಲ್ರೀ?"

ಚಹಾ ಬಂತು. ಅಷ್ಟರಲ್ಲಿ ಹಿಂದಿನ ಮನೆಯಿಂದ ಅವರ ಮಗಳು ಬಂದಳು. ಇಪ್ಪತ್ತರ ಒಳಗಿನ ಹುಡುಗಿ. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಅವರು ಅವಳ ಕಡೆ ನೋಡಿಯೇ ನನಗೆ ಹೇಳಿದರು.

"ಮೊದಲನೇದು ಬಂದಾಗ ತ್ರಾಸ ಆತ್ರಿ. ಖರೇ ಹೇಳ್ತೇನಿ, ಬಾಳ ತ್ರಾಸ ಆತು. ಆಮ್ಯಾಲೆ ಮಂದಿ ಬ್ಯಾರೇ ಸುದ್ದಿಗೆ ಹೋದ್ರು. ಇಕಿ ಮತ್ತ ಕಾಲೇಜಿಗೆ ಹೊಂಟಿದ್ಲು. ಹೋದ ವಾರ ನಿಮ್ಮ ಕ್ಷಮಾದ್ದು ಬಂತು. ಅದರಾಗ ಹಳೇದನ್ನ ಮತ್ತ ತೋರ್ಸೀರಿ. ಮೊದಲ ನೋಡದವ್ರೂ ಈಗ ನೋಡ್ಯಾರ."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

ಹುಡುಗಿ ಕೇಳಿದಳು, "ಅಬ್ಬಾಗ ಫೋನ್ ಯಾಕ ಮಾಡ್ಲಿಲ್ರಿ ನೀವು? ನಂಬರ್ ಬೋರ್ಡಿನ ಮ್ಯಾಲೆ ಐತಿ. ಪಂಕ್ಚರ್ ಆದವ್ರೆಲ್ಲಾ ಮಾಡ್ತಾರ."

ಅವರು "ಬೇಟಿ" ಎಂದು ತಡೆದರು. ತಡೆಯುವುದು ಬೇಕಿರಲಿಲ್ಲ, ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಫೋನ್ ಮಾಡಿದ್ದರೆ ಕೇಳುವವರು ಇವರೊಬ್ಬರೇ ಇರುತ್ತಿದ್ದರು. ನನಗೆ ಊರೆಲ್ಲ ಕೇಳಬೇಕಾಗಿತ್ತು.

"ಏನ ಮಾಡ್ಲಿ ಹೇಳ್ರಿ, ಮಾಡ್ತೇನಿ" ಅಂದೆ.

"ಎರಡೂ ತಗೀರಿ. ಮತ್ತ ನಮ್ಮ ಬಗ್ಗೆ ಚಲೋದೂ ಹಾಕಬ್ಯಾಡ್ರಿ, ಕೆಟ್ಟದ್ದೂ ಹಾಕಬ್ಯಾಡ್ರಿ. ಇಲ್ಲಿಗೆ ಬಂದಿದ್ದು ಸೈತ ಹೇಳಬ್ಯಾಡ್ರಿ."

ಅವರ ಎದುರಿಗೇ ಎರಡನ್ನೂ ತೆಗೆದೆ. ತೋರಿಸಲು ಫೋನ್ ಚಾಚಿದರೆ ಅವರು ನೋಡಲಿಲ್ಲ, "ನಂಬಿಕಿ ಐತ್ರಿ" ಅಂದರು. ಪೇಢೆಯನ್ನು ತೆಗೆದುಕೊಂಡರು. ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಗುರುತಿನ ಆಟೋದವರನ್ನು ಕರೆದರು. ಹತ್ತಿ ಕೂತೆ.

ನಾನು ತೆಗೆದರೇನು, ಬೇರೆಯವರು ಇಳಿಸಿಕೊಂಡದ್ದು ಹಾಗೆಯೇ ಇದೆ. ಜೊಯಿಡಾದಲ್ಲಿ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಯಾರೋ ಅದನ್ನೇ ತೋರಿಸಿ ನಗುತ್ತಿದ್ದರು. ನನ್ನದೇ ದನಿ, ನನ್ನದೇ ಬೆಂಚಿನ ನಗು. "ದಯಮಾಡಿ ಬಂದ್ ಮಾಡ್ರಿ" ಅಂದೆ. ಅವರು ಮುಖ ನೋಡಿ, "ಅಯ್ಯ, ನೀವ ಅಲ್ರೀ ಇವ್ರು?" ಎಂದು ಖುಷಿಪಟ್ಟರು. ಸೆಲ್ಫಿ ಕೇಳಿದರು. ಎಲೆ ಬಿಟ್ಟು ಎದ್ದೆ.

ಆರೇಳು ತಿಂಗಳು ನಾನು ಏನೂ ಹಾಕಲಿಲ್ಲ. ಈಗ ಮತ್ತೆ ಹಾಕುತ್ತೇನೆ, ಅದನ್ನೂ ಮುಚ್ಚಿಡುವುದಿಲ್ಲ. ಧಾರಾವಾಹಿಯ ಸೀರೆ, ಸಿನಿಮಾದ ಹೊಡೆದಾಟ, ಇಷ್ಟೇ. ಕೆಳಗೆ ಕೆಟ್ಟದ್ದು ಬರೆದರೆ ಕೂತು ಒಂದೊಂದೇ ಅಳಿಸುತ್ತೇನೆ. ಎಷ್ಟಂತ ಅಳಿಸಲಿ ಅಂದಿದ್ದೆನಲ್ಲ, ಬಹಳ ಹೊತ್ತೇನೂ ಹಿಡಿಯುವುದಿಲ್ಲ.

ಭಾಭಿ ವರ್ಷದ ಮೇಲೆ ಮತ್ತೆ ಬಟ್ಟೆ ತಂದರು. ಮೊದಲಿನ ಹಾಗೆ ಹರಟುವುದಿಲ್ಲ, ಆದರೆ ಕೂರುತ್ತಾರೆ. ಇದನ್ನು ಬರೆಯಬಹುದೇ, ಹೆಸರು ಹಾಕುವುದಿಲ್ಲ ಎಂದು ಅವರ ಕೈಯಲ್ಲೇ ಮಾಮಾನಿಗೆ ಕೇಳಿ ಕಳಿಸಿದ್ದೆ. "ಬರ್ಕೊಳ್ಳಲಿ, ಓದೋರು ಎಷ್ಟ ಮಂದಿ ಅದಾರ ಈಗ" ಅಂದರಂತೆ.

ಹೋದ ತಿಂಗಳು ಹಳಿಯಾಳದಲ್ಲಿ ಅವರ ಮನೆತನದ ಮದುವೆಯಿತ್ತು. ಅಲ್ಲಿ ಮಾಮಾ ಹಾಡಿದರು ಎಂದು ಭಾಭಿ ಹೇಳಿದರು. ಹಾಡುವ ಮೊದಲು ಹಿರಿಯರು ಎದ್ದು ನಿಂತು, ಯಾರೂ ಮೊಬೈಲ್ ಹೊರಗೆ ತೆಗೆಯಬಾರದು ಎಂದರಂತೆ. ಎಲ್ಲರೂ ಜೇಬಿನಲ್ಲಿ ಇಟ್ಟುಕೊಂಡರಂತೆ.

"ಹೆಂಗ ಹಾಡಿದ್ರು ಭಾಭಿ?"

"ಚಲೋ ಹಾಡಿದ್ರು" ಎಂದರು, ಅಷ್ಟೇ. ಯಾವ ಹಾಡು, ಎಷ್ಟು ಹೊತ್ತು, ಮಗಳು ಬಂದಿದ್ದಳೇ ಎಂದು ಕೇಳುವ ಆಸೆಯಾಯಿತು. ಕೇಳಲಿಲ್ಲ. ಟೇಪು ಹಿಡಿದು ಅವರ ತೋಳಿನ ಅಳತೆ ತೆಗೆದುಕೊಂಡೆ.