ತೋಳವನ್ನೂ ಎಣಿಸಿದ ಮಂಗಲ

ಸೋನ್ಯಾಳದ ಕುರಿಗಾರ ಭರಮಣ್ಣನ ಮಗಳು ಮಂಗಲ ಮಾಲವಣದ ಕಡಲಲ್ಲಿ ಮೀನು ಎಣಿಸುವ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಹೆದರಿಕೆ ಮಾತ್ರ ಮೊದಲ ದಿನದ್ದೇ. ಹವಳದ ಬಂಡೆಯ ಮೇಲೆ ಟೇಪು ಹಾಸಿ, ಅದರುದ್ದಕ್ಕೂ ಮುಳುಗಿ ಈಜುತ್ತ, ಕಂಡ ಮೀನನ್ನೆಲ್ಲ ಪಾಟಿಯ ಮೇಲೆ ಬರೆಯಬೇಕು. ಮಳೆಗಾಲಕ್ಕೆ ಮುಂಚಿನ ಕೊನೆಯ ದಿನವದು. ಅಂದು ಎಣಿಕೆ ಮುಗಿಯದಿದ್ದರೆ, ಬಲೆ ಬೀಸಬಾರದ ಜಾಗಗಳ ನಕಾಶೆಗೆ ಆ ಬಂಡೆ ಸೇರುತ್ತಿರಲಿಲ್ಲ.

ಅರ್ಧ ಟೇಪಿಗೆ ಬಂದಾಗ, ಹರಡಿಕೊಂಡಿದ್ದ ಮೀನುಗಳೆಲ್ಲ ಒಮ್ಮೆಲೇ ಒತ್ತಿ ಮುದ್ದೆಯಾದವು. ಕುರಿ ಹೀಗೆ ಮುದ್ದೆಯಾದರೆ ತೋಳ ಬಂತೆಂದೇ ಅರ್ಥ. ಮೇಲಕ್ಕೆ ಹಾರಿಬಿಡಬೇಕು ಎಂದು ಮಂಗಲಳಿಗೆ ಅನ್ನಿಸಿತು. ಅಷ್ಟರಲ್ಲಿ ಅಪ್ಪನ ಹಳೆಯ ಬೈಗುಳ ನೆನಪಾಯಿತು: "ಓಡಬ್ಯಾಡ ಹುಚ್ಚಿ, ನಿಂತು ಎಣಸು. ಓಡಿದ್ರ ನೀನೂ ಕುರೀನ."

ಗಾಳಿ ನಳಿಗೆಯನ್ನು ಕಚ್ಚಿ ಹಿಡಿದು ಎಣಿಸಿದಳು. ಬಂಡೆಯ ಮರೆಯಿಂದ ಅವಳಷ್ಟೇ ಉದ್ದದ ಮೀನೊಂದು ಹೊರಬಂತು. ಸಂತೆಯಲ್ಲಿ ಬಡಕಲು ಕುರಿಯನ್ನು ನೋಡುವ ಗಿರಾಕಿಯಂತೆ ಅವಳನ್ನು ನೋಡಿ, ಬೇಡವೆಂದು ಮುಂದೆ ಹೋಯಿತು. ಅದನ್ನೂ ಪಾಟಿಯ ಮೇಲೆ ಬರೆದಳು.

ಸಂಜೆ ಅಪ್ಪ ಫೋನಿನಲ್ಲಿ ಕೇಳಿದ: "ಎಷ್ಟಾದೂವ?"

"ನಾನೂರಾ ಹನ್ನೆರಡು ಮೀನ, ಒಂದು ತೋಳ."

"ತೋಳ ಯಾಕ ಎಣಿಸಿದಿ?"

"ತೋಳ ಇದ್ರನ ಹಟ್ಟಿ ಚಲೋ ಐತಿ ಅಂತಾರಪಾ ಇಲ್ಲಿ ಮೀನ ಎಣಸವ್ರು."

"ಅವರು ಕುರಿ ಕಾದವರಲ್ಲ ಬಿಡು," ಎಂದ ಭರಮಣ್ಣ.

ಮಂಗಲ ನಗಲು ನೋಡಿದಳು. ಹಲ್ಲು ಇನ್ನೂ ಕಟಕಟ ಎನ್ನುತ್ತಿದ್ದವು.