ನನ್ನ ಕಾಲು, ಅಣ್ಣನ ಬೆನ್ನು

ಹುಟ್ಟುವಾಗ ನಾನು ತಲೆಗಿಂತ ಮೊದಲು ಕಾಲು ಹೊರಗಿಟ್ಟು ಬಂದೆನಂತೆ. ಅಷ್ಟಕ್ಕೇ ಊರಿಗೆ ನಾನು ಡಾಕ್ಟರು. ಹಾಗೆ ಹುಟ್ಟಿದವರು ತುಳಿದರೆ ಸೊಂಟದ ಉಳುಕು, ಬೆನ್ನಿನ ಹಿಡಿತ ಬಿಟ್ಟುಹೋಗುತ್ತದೆ ಅನ್ನುವುದು ನಮ್ಮ ಕಡೆಯವರ ಗಟ್ಟಿ ನಂಬಿಕೆ. ಸೂಳೆಕೆರೆ ನಾಲೆ ಪಕ್ಕದ ನಮ್ಮ ಊರಿಗೆ ಸವಳಂಗದಿಂದ ಬಸ್ಸು ಹತ್ತಿ ಬಂದು ತುಳಿಸಿಕೊಂಡು ಹೋದವರಿದ್ದಾರೆ. ಓದಾಕೆ ಕೂತಿದ್ದರೂ ಕರೆಯೋರು, ಉಣ್ಣಾಕೆ ಕೂತಿದ್ದರೂ ಕರೆಯೋರು. ಎದ್ದು ಹೋಗಿ ಮೂರು ಸಲ ತುಳಿದು ಬರುತ್ತಿದ್ದೆ. ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಚನ್ನಗಿರಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಭತ್ತದ ಹುಲ್ಲು ಹೇರಿಕೊಂಡು ಬರುತ್ತಿದ್ದ ನಮ್ಮ ಗಾಡಿ ನಾಲೆ ಏರಿ ಇಳಿಯುವಾಗ ವಾಲಿತು. ಹೇರಿನ ಮೇಲೆ ಕೂತಿದ್ದ ಅಣ್ಣ ಅಂಗಾತವಾಗಿ ಕಲ್ಲಿನ ಮೇಲೆ ಬಿದ್ದ. ನಾನು ಓಡಿಹೋದಾಗ ಅವನಿಗೆ ಎಚ್ಚರ ಇತ್ತು. "ಕಾಲು ಜುಮ್ ಅಂತೈತೆ ಕಣೆ" ಅಂದ. ಬಲಗಾಲಿನ ಹೆಬ್ಬೆರಳು ಆಡಿಸಿಯೂ ತೋರಿಸಿದ. ಕಣ್ಣಾರೆ ನೋಡಿದ್ದೇನೆ.

ಮನೆಗೆ ಹಿರಿಯರಾದ ದೊಡ್ಡಪ್ಪ ಆಸ್ಪತ್ರೆಯ ಮಾತೇ ಎತ್ತಗೊಡಲಿಲ್ಲ. ನಾಲ್ಕು ಜನ ಅಣ್ಣನ ಕೈಕಾಲು ಹಿಡಿದು ಮೂಟೆ ಎತ್ತಿದ ಹಾಗೆ ಎತ್ತಿ ತಂದು ಪಡಸಾಲೆಯಲ್ಲಿ ಬೋರಲು ಮಲಗಿಸಿದರು.

"ಮನೇಲೇ ಮದ್ದು ಇಟ್ಕೊಂಡು ದಾವಣಗೆರೆಗೆ ಯಾಕೆ ಹೋಗೋದು? ಬಾರವ್ವ, ತುಳಿ" ಅಂದರು ದೊಡ್ಡಪ್ಪ.

"ಬ್ಯಾಡ ದೊಡ್ಡಪ್ಪ, ಇದು ಉಳುಕಲ್ಲ."

"ಊರೋರಿಗೆಲ್ಲ ತುಳೀತೀಯ, ಒಡಹುಟ್ಟಿದೋನಿಗೆ ತುಳಿಯಾಕೆ ಆಗಲ್ವ?"

ಅಣ್ಣನೂ ಹಲ್ಲು ಕಚ್ಚಿಕೊಂಡು "ತುಳಿ ಕಣೆ, ಬಿಟ್ಟೋಗ್ಲಿ" ಅಂದ. ತುಳಿದೆ. ಮೂರನೇ ಸಲಕ್ಕೆ ಅವನು ಕೂಗಿದ ಕೂಗಿಗೆ ಹಟ್ಟಿಯ ದನ ಎದ್ದು ನಿಂತವು. ಇಳಿದು ನೋಡಿದೆ, ಹೆಬ್ಬೆರಳು ಆಡಲಿಲ್ಲ. ಥೂ, ಆವತ್ತು ನಾನು ಎಲ್ಲಾದರೂ ಓಡಿಹೋಗಬಾರದಿತ್ತೇ!

ದಾವಣಗೆರೆಗೆ ಕರೆದುಕೊಂಡು ಹೋಗಿದ್ದು ಮಾರನೇ ದಿನ. "ಬಿದ್ದ ಮೇಲೆ ಕಾಲು ಆಡ್ತಿತ್ತಾ?" ಅಂತ ಡಾಕ್ಟರು ಕೇಳಿದರು. "ಇಲ್ಲ ಸಾಹೇಬ್ರೆ, ಬಿದ್ದಾಗ್ಲೇ ಹೋಗಿದ್ವು" ಅಂದರು ದೊಡ್ಡಪ್ಪ, ಒಂದಿಷ್ಟೂ ತಡವರಿಸದೆ. ನಾನು ಗೋಡೆಗೆ ಒರಗಿ ನಿಂತಿದ್ದೆ.

ಆಮೇಲೆ ಒಬ್ಬಳೇ ಡಾಕ್ಟರ ಹಿಂದೆ ಹೋಗಿ ಕೇಳಿದೆ. ಪಾಪ, ಕೂರಿಸಿಕೊಂಡು ಹೇಳಿದರು. "ಬಿದ್ದ ಪೆಟ್ಟು ಅರ್ಧ ಮಾತ್ರ ಕಣಮ್ಮ. ಆಮೇಲೆ ಬೆನ್ನುಹುರಿ ಒಳಗೆ ಆಮ್ಲಜನಕವೇ ಕೆರಳಿ ಪಕ್ಕದ ನರಗಳನ್ನೂ ಸುಡುತ್ತೆ. ಆ ಉರಿ ಆರಿಸೋ ಕಿಣ್ವ ನಮ್ಮ ಮೈಯಲ್ಲೇ ಇರುತ್ತೆ, ಆದರೆ ಅಷ್ಟು ದೊಡ್ಡ ಪೆಟ್ಟಿಗೆ ಸಾಲೋದಿಲ್ಲ. ಅದನ್ನ ಹೊರಗಿನಿಂದ ಕೊಟ್ಟು ನರ ಉಳಿಸಬಹುದಾ ಅಂತ ಹೊರದೇಶದಲ್ಲಿ ಪ್ರಾಣಿಗಳ ಮೇಲೆ ನೋಡ್ತಿದ್ದಾರೆ. ಮನುಷ್ಯರಿಗೆ ಇನ್ನೂ ಬಂದಿಲ್ಲ. ಬಂದರೂ ಮೊದಲ ಕೆಲವು ಗಂಟೆಯೊಳಗೇ ಕೊಡಬೇಕಾಗುತ್ತೆ. ಸದ್ಯಕ್ಕೆ ಅಲುಗಾಡಿಸದೆ ಬೇಗ ತರೋದೇ ಔಷಧಿ."

ಅಲುಗಾಡಿಸದೆ! ಬೇಗ! ಆ ಗಂಟೆಗಳಲ್ಲಿ ನಾವು ಅವನ ಬೆನ್ನಿನ ಮೇಲೆ ನಿಂತಿದ್ದೆವಲ್ಲ. ನಾನು ತುಳಿದದ್ದನ್ನು ಡಾಕ್ಟರಿಗೆ ಹೇಳಲು ಆಗಲೂ ಬಾಯಿ ಬರಲಿಲ್ಲ.

ವರ್ಷ ತುಂಬುತ್ತಾ ಬಂದಾಗ ದೊಡ್ಡಪ್ಪ ಹೊನ್ನಾಳಿ ಕಡೆಯಿಂದ ಇಂಜೆಕ್ಷನ್ ಚುಚ್ಚುವವನೊಬ್ಬನನ್ನು ಕರೆತಂದರು. ಕಿಣ್ವದ ಮಾತು ನನ್ನ ಬಾಯಿಂದಲೇ ಕೇಳಿ, ಅದನ್ನೇ ಹಿಡಿದುಕೊಂಡು ಊರೂರು ಹುಡುಕಿದ್ದರು. ಆತ ಹಳದಿ ನೀರಿನ ಬಾಟಲಿ ಎತ್ತಿ ತೋರಿಸಿ "ಇದು ಅದೇ ಕಿಣ್ವ ತಂಗಿ, ಸತ್ತ ನರಕ್ಕೆ ಜೀವ ಬರ್ತೈತೆ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಬೆಂಕಿ ಆರಿ ವರ್ಷ ಆಯ್ತು. ಈಗ ಬೂದಿಗೆ ನೀರು ಹಾಕಾಕೆ ಬಂದಿದೀಯಾ? ಏಳು ಮೇಲೆ!" ಅಂದವಳೇ ಅವನ ಇಂಜೆಕ್ಷನ್ ಡಬ್ಬಿಯನ್ನು ಬೀದಿಗೆ ಎಸೆದೆ.

ದೊಡ್ಡಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದರು. "ತುಳಿದು ಮೂಲೆಗೆ ಕೂರಿಸಿದೋಳೂ ಇವಳೇ, ಮದ್ದಿಗೆ ಅಡ್ಡ ಬರೋಳೂ ಇವಳೇ! ಇವಳ ಕಾಲ್ಗುಣವೇ ನೆಟ್ಟಗಿಲ್ಲ!"

ನೋಡಿ ನ್ಯಾಯ! ತುಳಿ ಅಂದ ಬಾಯಿ ಅದೇ, ಡಾಕ್ಟರ ಮುಂದೆ ಸುಳ್ಳು ಹೇಳಿದ ಬಾಯಿಯೂ ಅದೇ. ನಾನು ತಿರುಗಿ ಮಾತಾಡುವಷ್ಟರಲ್ಲಿ ಮಂಚದ ಮೇಲಿಂದ ಅಣ್ಣ ಅವರಿಗಿಂತ ಜೋರಾಗಿ ಕೂಗಿದ. "ಸಾಕು ಬಿಡ್ರಿ ದೊಡ್ಡಪ್ಪ! ಬೀಳೋವಾಗ್ಲೇ ನನ್ನ ಕಾಲು ಹೋಗಿದ್ವು. ಅವಳು ತುಳಿದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಬಾಗಿಲಲ್ಲಿ ಸೇರಿದ್ದವರು ಚದುರಿದರು. ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಲು ಅವನನ್ನು ಮಗ್ಗುಲಿಗೆ ಹೊರಳಿಸುತ್ತಾ ಕೇಳಿದೆ. "ಯಾಕೆ ಸುಳ್ಳು ಹೇಳಿದೆ? ಹೆಬ್ಬೆರಳು ಆಡಿತ್ತಲ್ಲ?"

"ಆಡಿತ್ತು" ಅಂದ ಮೆಲ್ಲಗೆ. "ನೀನು ತುಳಿದಿದ್ದಕ್ಕೇ ಹೋದ್ವು ಅಂದ್ರೆ ನಿನ್ನ ಯಾರು ಮದುವೆ ಆಗ್ತಾರೆ? ಭಾನುವಾರ ಜಗಳೂರಿನೋರು ನೋಡಾಕೆ ಬರ್ತಾರೆ. ಸುಮ್ನಿರು."

ಭಾನುವಾರ ಅವರು ಬಂದರು. ಹುಡುಗನ ತಾಯಿ ಮಂಚದ ಕಡೆ ನೋಡಿ ಏನಾಯಿತು ಅಂತ ಕೇಳಿದರು. ಅಣ್ಣ ನಗುನಗುತ್ತಾ ಅದೇ ಸುಳ್ಳನ್ನು ಇನ್ನೊಂದು ಸಲ ಹೇಳಿದ. ಅಲ್ಲ ಅನ್ನಬೇಕಾದವಳು ನಾನು, ಕಾಫಿ ಲೋಟ ಇಟ್ಟು ಒಳಗೆ ಹೋದೆ.