ಡಾಕ್ಟರ ಮಾತು, ಲುಬ್ನಾಳ ಬಾಯಿ

ಲುಬ್ನಾ ನಮ್ಮ ಆಸ್ಪತ್ರೆಯ ಅರಬ್ಬಿ ದುಭಾಷಿ. ಒಮಾನ್, ಯೆಮನ್ ಕಡೆಯಿಂದ ಕೆ.ಆರ್. ಪುರಕ್ಕೆ ಚಿಕಿತ್ಸೆಗೆಂದು ಬರುವ ಹೆಂಗಸರಿಗೆ ಅವಳೇ ಬಾಯಿ, ಅವಳೇ ಕಿವಿ. ಹೊರದೇಶದ ರೋಗಿಗಳ ಕೌಂಟರ್ ನೋಡಿಕೊಳ್ಳುವವಳು ನಾನು, ರುದ್ರಾಣಿ. ದಾವಣಗೆರೆಯವಳಾದ ನನಗೆ ಅರಬ್ಬಿ ಹಾಗಿರಲಿ, ಲುಬ್ನಾಳ ಮನೆಯ ದಖನಿ ಉರ್ದುವೂ ಪೂರ್ತಿ ತಲೆಗೆ ಹತ್ತುವುದಿಲ್ಲ. ಆದರೂ ವರ್ಷಗಟ್ಟಲೆ ಪಕ್ಕದಲ್ಲೇ ಕೂತದ್ದರಿಂದ ಕೆಲವು ಪದಗಳು ಕಿವಿಗೆ ಅಂಟಿಕೊಂಡಿವೆ. ದವಾ ಎಂದರೆ ಔಷಧಿ. ಸರತಾನ್ ಎಂದರೆ ಕ್ಯಾನ್ಸರ್. ನಮ್ಮಲ್ಲಿ ಲಿಫ್ಟಿನವನಿಗೂ ಈ ಎರಡು ಪದ ಗೊತ್ತು.

ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಅವಳ ಅಪ್ಪ ಅಜ್ಮತ್ ಸಾಬರು ಹಾಸಿಗೆ ದಿಂಬು ಹೊಲಿಯುತ್ತಾರೆ. ಮಗಳು ಅರಬ್ಬಿ ಕಲಿತದ್ದು ಹೆಣ್ಣುಮಕ್ಕಳ ಮದ್ರಸಾದಲ್ಲಿ, ಬರೀ ಕಿತಾಬು ನೋಡಿ. ಮೊದಮೊದಲು ರೋಗಿಗಳು ಅವಳ ಮಾತು ಕೇಳಿ ಮುಸಿಮುಸಿ ನಗುತ್ತಿದ್ದರಂತೆ. ತರಕಾರಿ ಅಂಗಡಿಯಲ್ಲಿ ನಿಂತು ಹಳಗನ್ನಡ ಮಾತಾಡಿದರೆ ಯಾರು ನಗುವುದಿಲ್ಲ? ಆಮೇಲೆ ಅವರ ಬಾಯಿಂದಲೇ ಕೇಳಿ ಕೇಳಿ ಒಂದಿಷ್ಟು ತಿದ್ದಿಕೊಂಡಳು.

ಆದರೆ ಅಷ್ಟು ಸಾಲುವ ಕಾಲ ಮುಗಿದಿತ್ತು. ಮುಂದಿನ ವರ್ಷದಿಂದ ಡಾಕ್ಟರ ಕೋಣೆಯೊಳಗೆ ಕೂರಬೇಕಾದರೆ ಸರ್ಟಿಫಿಕೇಟು ಬೇಕು ಎಂದು ಆಡಳಿತದವರು ಹೇಳಿಬಿಟ್ಟರು. ಉಳಿದದ್ದು ಒಂದೇ ದಾರಿ, ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್. ಜೋರ್ಡಾನಿನ ಅಮ್ಮಾನ್‌ನಲ್ಲಿ ಒಂದು ವರ್ಷ ಬೆಳಗಿನಿಂದ ಸಂಜೆಯವರೆಗೆ ಅರಬ್ಬಿ, ಕೊನೆಗೆ ಸರ್ಟಿಫಿಕೇಟು. ಫೀಸು, ಊಟ, ವಿಮಾನ, ಎಲ್ಲ ಸರ್ಕಾರದ್ದೇ. ಹೋದ ವರ್ಷ "ನಿಮ್ಮದು ಬರೀ ಪುಸ್ತಕದ ಭಾಷೆ" ಎಂದು ಸಂದರ್ಶನದಲ್ಲಿ ಅವಳನ್ನು ಕೈಬಿಟ್ಟಿದ್ದರು. ವಯಸ್ಸಿನ ಮಿತಿ ಮೂವತ್ತು, ಇವಳು ಅದರ ಹೊಸ್ತಿಲಲ್ಲಿದ್ದಳು. ಈ ಸಲ ತಪ್ಪಿದರೆ ಸೀಟೂ ಇಲ್ಲ, ಕೆಲಸವೂ ಇಲ್ಲ.

ನನಗೆ ಅವಳ ಮೇಲಿದ್ದ ಸಿಟ್ಟು ಬೇರೆ. ಫೈಲು ಕೊಡಲು ಒಳಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಡಾಕ್ಟರು ಒಂದು ರಾಮಾಯಣ ಹೇಳಿದರೆ ಇವಳು ರೋಗಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ.

"ಮಿಕ್ಕಿದ್ದೇನಾಯ್ತೇ? ನುಂಗ್ಬಿಟ್ಯಾ?"

"ಅದನ್ನ ಹೊರಗಡೆ ಮಗನಿಗೆ ಹೇಳ್ತೀನಿ ಅಕ್ಕ. ತಾಯಿ ಮುಖ ನೋಡ್ಕೊಂಡು ಯಾರು ಹೇಳ್ತಾರೆ? ಮನೆಯವ್ರೇ ಬೇಡ ಅಂತಾರೆ."

"ಕಾಯಿಲೆ ಮಗನಿಗಲ್ಲ, ತಾಯಿಗೆ," ಎಂದು ಗದರಿದೆ. ನಕ್ಕು ಮುಂದಿನ ರೋಗಿಯ ಫೈಲು ಎತ್ತಿಕೊಂಡಳು.

ಸಂದರ್ಶನ ಆನ್‌ಲೈನಿನಲ್ಲಿತ್ತು. ಮನೆಯ ಗಲ್ಲಿಯಲ್ಲಿ ಗದ್ದಲವೆಂದು ನಮ್ಮ ಮೀಟಿಂಗ್ ರೂಮನ್ನೇ ಅವಳಿಗೆ ಬಿಡಿಸಿಕೊಟ್ಟೆ. ಯಾರೂ ಒಳಗೆ ನುಗ್ಗದಂತೆ ನಾನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ, ಕ್ಯಾಮೆರಾಕ್ಕೆ ಕಾಣದ ಹಾಗೆ. ಪರದೆಯ ಮೇಲೆ ಇಬ್ಬರು. ಒಬ್ಬರು ಆಯ್ಕೆ ಸಮಿತಿಯ ನರೆಗೂದಲಿನ ಅಧ್ಯಕ್ಷರು, ಇನ್ನೊಬ್ಬರು ಜೋರ್ಡಾನಿನ ಪ್ರೊಫೆಸರಮ್ಮ. ಮೊದಲೆಲ್ಲ ಸಲೀಸಾಗಿ ಹೋಯಿತು. ಆಮೇಲೆ ಅಧ್ಯಕ್ಷರು ಇಂಗ್ಲಿಷಿನಲ್ಲಿ ಹೇಳಿದರು: "ನೀವು ಆಸ್ಪತ್ರೆಯ ದುಭಾಷಿ ತಾನೆ? ನಾನು ಡಾಕ್ಟರ್, ಇವರು ರೋಗಿ. ನಾನು ಹೇಳಿದ್ದನ್ನು ಅವರಿಗೆ ಅರಬ್ಬಿಯಲ್ಲಿ ಹೇಳಿ."

ಕೈಯಲ್ಲಿದ್ದ ಹಾಳೆ ನೋಡಿ ಓದಿದರು. "ಗೆಡ್ಡೆ ಕ್ಯಾನ್ಸರಿನದು. ಲಿವರಿಗೂ ಹರಡಿದೆ. ಆಪರೇಷನ್ನಿನಿಂದ ಪ್ರಯೋಜನವಿಲ್ಲ. ನೋವು ಕಡಿಮೆ ಮಾಡಲು ಔಷಧಿ ಕೊಡುತ್ತೇವೆ."

ಲುಬ್ನಾ ಮೆತ್ತಗೆ ಮಾತಾಡಿದಳು. ನಾನು ಕಿವಿಗೊಟ್ಟೆ. ದವಾ ಬಂತು, ಇನ್ಷಾ ಅಲ್ಲಾ ಬಂತು. ಸರತಾನ್ ಬರಲಿಲ್ಲ.

ಅಧ್ಯಕ್ಷರಿಗೂ ಆ ಪದ ಗೊತ್ತಿತ್ತು. "ಕ್ಯಾನ್ಸರ್ ಅನ್ನುವುದನ್ನೇ ನೀವು ಹೇಳಲಿಲ್ಲ. ಪದ ಗೊತ್ತಿರಲಿಲ್ಲವೇ?"

ದೇವರೇ ಬಾಗಿಲು ತೆರೆದ ಹಾಗಾಯಿತು ನನಗೆ. ಕಲಿಯಲು ಹೋಗುವವಳಿಗೆ ಒಂದು ಪದ ಗೊತ್ತಿಲ್ಲದಿದ್ದರೆ ಯಾರು ತಲೆ ತೆಗೆಯುತ್ತಾರೆ? ಗೊತ್ತಿಲ್ಲ ಅನ್ನು ಎಂದು ಜೋರಾಗಿ ಕೈಸನ್ನೆ ಮಾಡಿದೆ. ಲುಬ್ನಾ ನನ್ನನ್ನೊಮ್ಮೆ ನೋಡಿದಳು.

"ಗೊತ್ತಿತ್ತು ಸರ್," ಎಂದಳು. "ಬಿಟ್ಟೆ. ರೋಗಿಯ ಮುಂದೆ ನಾವು ಹೇಳುವುದಿಲ್ಲ."

"ಹಾಗಾದರೆ ಡಾಕ್ಟರ್ ನೀವೋ, ನಾನೋ? ಸರ್ಕಾರ ನಿಮ್ಮನ್ನು ಕಳಿಸಬೇಕಾದದ್ದು ಯಾಕೆ? ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯಲಿಕ್ಕೋ?"

ನನಗೆ ಮೈ ಉರಿಯಿತು. ಆದರೆ ನಾನೂ ಅವಳಿಗೆ ಹೇಳುತ್ತಿದ್ದದ್ದು ಅದನ್ನೇ, ಹಾಗಾಗಿ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ಸೀಟು ಹೋಯಿತು ಎಂದೇ ಅಂದುಕೊಂಡೆ.

ಆಗ ಪ್ರೊಫೆಸರಮ್ಮ ಕೈಯೆತ್ತಿ ಅವರನ್ನು ತಡೆದು, ಇಂಗ್ಲಿಷಿನಲ್ಲೇ ಲುಬ್ನಾಳಿಗೆ ಹೇಳಿದರು. "ನಾನಿನ್ನೂ ರೋಗಿಯೇ. ನನ್ನ ಜೊತೆ ಮಗನಿಲ್ಲ, ಗಂಡನಿಲ್ಲ, ಒಬ್ಬಳೇ ಬಂದಿದ್ದೇನೆ. ನನಗೇ ಹೇಳು."

ಲುಬ್ನಾ ದುಪಟ್ಟಾದ ಅಂಚು ಹಿಡಿದುಕೊಂಡಳು. ಶುರು ಮಾಡಿದಳು, ನಿಂತಳು, ಮತ್ತೆ ಶುರು ಮಾಡಿದಳು. ಸರತಾನ್ ಎಂದಳು. ಆಮೇಲೆ ತಡೆಯಲಿಲ್ಲ, ಉಳಿದದ್ದನ್ನೂ ಹೇಳಿ ಮುಗಿಸಿದಳು. ಅದು ನಾಟಕವೆಂಬುದು ನನಗೆ ಮರೆತೇಹೋಯಿತು.

ಪ್ರೊಫೆಸರಮ್ಮ ಸಣ್ಣ ದನಿಯಲ್ಲಿ ಅರಬ್ಬಿಯಲ್ಲಿ ಏನೋ ಕೇಳಿದರು. ವಾರ್ಡಿನಲ್ಲಾಗಿದ್ದರೆ ಲುಬ್ನಾ ತಾನೇ ಕೈ ಸವರಿ ಸಮಾಧಾನ ಹೇಳಿಬಿಡುತ್ತಿದ್ದಳು. ಈಗ ಅಧ್ಯಕ್ಷರ ಕಡೆ ತಿರುಗಿದಳು.

"ಸರ್, ನಾನಿನ್ನು ಎಷ್ಟು ದಿನ ಬದುಕುತ್ತೇನೆ ಎಂದು ರೋಗಿ ಕೇಳುತ್ತಿದ್ದಾರೆ."

ಅಧ್ಯಕ್ಷರು ಹಾಳೆ ನೋಡಿದರು, ತಿರುಗಿಸಿಯೂ ನೋಡಿದರು. ಅದಕ್ಕೆ ಉತ್ತರ ಬರೆದಿರಲಿಲ್ಲ. ಪ್ರೊಫೆಸರಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಕಾಯುತ್ತಿದ್ದರು.

"ಅದು... ಈಗಲೇ ಹೇಳುವುದು ಕಷ್ಟ," ಎಂದರು ಅಧ್ಯಕ್ಷರು. "ಧೈರ್ಯವಾಗಿರಿ. ನೋಡೋಣ."

ಲುಬ್ನಾ ಅಷ್ಟನ್ನೇ ಅರಬ್ಬಿಯಲ್ಲಿ ಹೇಳಿದಳು. ಪ್ರೊಫೆಸರಮ್ಮ ಏನೋ ಅಂದರು. ಅದನ್ನೂ ಲುಬ್ನಾ ತಂದು ಅವರ ಮುಂದಿಟ್ಟಳು.

"ಡಾಕ್ಟರೇ, ನೀವೂ ಹೇಳಲಿಲ್ಲ, ಎನ್ನುತ್ತಿದ್ದಾರೆ ಸರ್."

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೌದು. ನನಗೂ ಬಾಯಿ ಬರಲಿಲ್ಲ," ಎಂದರು. ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಮರುಕ ಹುಟ್ಟಿತು.

ಸೀಟು ಸಿಕ್ಕಿತು. ಸುದ್ದಿ ಬಂದ ದಿನ ಅಜ್ಮತ್ ಸಾಬರು ಕೌಂಟರಿಗೆಲ್ಲ ಸಿಹಿ ಕಳಿಸಿದರು. ಎಲ್ಲರೂ ಚದುರಿದ ಮೇಲೆ ನಾನು ಕೇಳಿದೆ.

"ಅವತ್ತು ನಾನು ಅಷ್ಟು ಕೈ ಬೀಸಿದ್ರೂ ಗೊತ್ತಿಲ್ಲ ಅನ್ಲಿಲ್ವಲ್ಲೇ, ಯಾಕೆ?"

"ಅಂದಿದ್ರೆ ಆ ಪದ ಕಲಿಸೋಕೆ ಕಳಿಸ್ತಿದ್ರು ಅಕ್ಕ," ಎಂದಳು. "ಪದ ನಂಗೆ ಬರುತ್ತೆ. ಹೇಳೋಕೆ ಬರಲ್ಲ. ಎಷ್ಟು ಜನ ಹೆಂಗಸ್ರು ನನ್ನ ಮಾತು ನಂಬಿ, ಹುಷಾರಾಗ್ತೀವಿ ಅಂದ್ಕೊಂಡು ಊರಿಗೆ ಹೋದ್ರೋ."

ಅಳುವುದಕ್ಕೆ ಶುರು ಮಾಡಿದಳು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ, ಏನು ಹೇಳಿದರೂ ಸುಳ್ಳಾಗುತ್ತದೆ ಅನ್ನಿಸಿತು. ಸುಮ್ಮನೆ ಅವಳ ಪಕ್ಕ ಕೂತೆ.